ವಿಷ ಬಿದ್ದ ಯುದ್ಧಟ್ಯಾಂಕ್ ತೊಳೆಯಲು ಯಾವುದು ಸರಿ: ಬ್ಲೀಚಾ, ಪೆರಾಕ್ಸೈಡಾ, ಪುಡಿಯಾ, ಬಿಸಿಗಾಳಿಯಾ?

ಯಲಹಂಕದಲ್ಲಿ ಏರೋ ಇಂಡಿಯಾ ನಡೆದ ವರ್ಷವೆಲ್ಲ ನನಗೆ ಒಂದೇ ಬಗೆಯ ಪತ್ರಗಳು ಬರುತ್ತವೆ. ಬರೆಯುವವರು ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು, ಇಲ್ಲವೇ ಪೀಣ್ಯದಲ್ಲಿ ಪಂಪು, ನಾಝಲ್ ಮಾಡುವ ಸಣ್ಣ ಕಾರ್ಖಾನೆಯವರು. ರಾಸಾಯನಿಕ ಅಥವಾ ಜೈವಿಕ ದಾಳಿ ಆದಮೇಲೆ ವಾಹನ, ಬಂದೂಕು, ರೇಡಿಯೋ ಇವನ್ನೆಲ್ಲ ಶುದ್ಧ ಮಾಡುವ ವ್ಯವಸ್ಥೆ ಸೇನೆಗೆ ಬೇಕಂತೆ, ನಾವೂ ಒಂದು ಮಾಡೋಣ ಅಂತಿದ್ದೇವೆ, ಯಾವ ದಾರಿ ಹಿಡಿಯಲಿ ಎಂದು ಕೇಳುತ್ತಾರೆ. ಸೇನೆಯವರು ಈ ಕೆಲಸವನ್ನು ಚುಟುಕಾಗಿ ಡಿಕಾನ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಬಹುತೇಕ ಎಲ್ಲರೂ ಶುರುಮಾಡುವುದು ರಾಸಾಯನಿಕದಿಂದ. ಯಾವ ದ್ರಾವಣ ಹೆಚ್ಚು ಬಲವಾದದ್ದು ಅಂತ. ಅದು ಬಾಲದ ಕಡೆಯಿಂದ ಎತ್ತು ಹಿಡಿದ ಹಾಗೆ. ಗದ್ದೆ ಉತ್ತ ಟ್ರ್ಯಾಕ್ಟರ್ ತೊಳೆದವರಿಗೆ ಇದು ಗೊತ್ತು. ಬಾನೆಟ್ ಮೇಲಿನ ಕೆಸರು ಒಂದು ಬಕೆಟ್ ನೀರಿಗೆ ಹೋಗುತ್ತದೆ. ಚಕ್ರದ ಸಂದಿನದು, ಬೋಲ್ಟ್ ಹಿಂದಿನದು, ಸೀಟಿನ ಹೊಲಿಗೆಯೊಳಗೆ ಹೋದದ್ದು ಇಡೀ ಮಧ್ಯಾಹ್ನ ತಿನ್ನುತ್ತದೆ. ಕೆಸರು ಒಂದೇ, ಕೂತ ಜಾಗ ಬೇರೆ. ಡಿಕಾನ್‌ನಲ್ಲೂ ಅಷ್ಟೇ. ಯಾವ ಮದ್ದು ಬೇಕು ಅನ್ನುವುದನ್ನು ವಿಷಕ್ಕಿಂತ ಜಾಸ್ತಿ ನಿರ್ಧರಿಸುವುದು ತೊಳೆಯಬೇಕಾದ ಸಾಮಾನು.

ಅಳತೆಗೋಲು ಮೊದಲು

ಎಷ್ಟು ಹೊತ್ತಿದೆ? ಇದು ಮೊದಲ ಪ್ರಶ್ನೆ. ಗುಂಡಿನ ಸದ್ದು ನಿಲ್ಲದ ಜಾಗದಲ್ಲಿ ಸೈನಿಕ ತಾನು ಮುಟ್ಟುವ ಹಿಡಿಕೆ, ಬಾಗಿಲು, ಬಂದೂಕು ಇಷ್ಟನ್ನೇ ಒರೆಸಿಕೊಳ್ಳುತ್ತಾನೆ. ಅದು ನಿಮಿಷಗಳ ಲೆಕ್ಕ. ಸ್ವಲ್ಪ ಹಿಂದೆ ಸರಿದಾಗ ವಾಹನದ ಮೈಗೆ ನೀರು ಹೊಡೆದು ದೊಡ್ಡ ಪಾಲು ಇಳಿಸುತ್ತಾರೆ. ಪೂರ್ತಿ ಡಿಕಾನ್ ಅನ್ನುವುದು ಇನ್ನೂ ಹಿಂದೆ, ಸಾಲು ಹಚ್ಚಿ ಮಾಡುವ ಕೆಲಸ. ಅಮೆರಿಕದ ಸೇನೆಯ ಕ್ರಮದಲ್ಲಿ ಅದಕ್ಕೆ ಐದು ಹಂತ: ತೊಳೆ, ಮದ್ದು ಹಚ್ಚು, ಕಾಯಿ, ಮತ್ತೆ ತೊಳೆ, ಪರೀಕ್ಷಿಸು. ಕಾಯುವ ಹಂತವೇ ಅರ್ಧ ಗಂಟೆ ಹಿಡಿಯುತ್ತದೆ. ಕೊನೆಯದು, ಮುಖಗವಸಿಲ್ಲದ ಸಾಮಾನ್ಯ ಜನ ಮತ್ತೆ ಆ ಸಾಮಾನನ್ನು ಮುಟ್ಟಬಹುದು ಅನ್ನುವ ಮಟ್ಟ. ಅದು ವಾರಗಳ, ತಿಂಗಳುಗಳ ಮಾತು. ನಿಮ್ಮ ಯಂತ್ರ ಈ ನಾಲ್ಕರಲ್ಲಿ ಯಾವುದಕ್ಕೆ? ನಾಲ್ಕಕ್ಕೂ ಅಂತ ಬರೆದ ಬ್ರೋಷರ್ ನೋಡಿದರೆ ನಾನು ಮುಂದೆ ಓದುವುದಿಲ್ಲ.

ಎರಡನೆಯದು, ಬಿದ್ದದ್ದು ಏನು. ಸರಿನ್ ನರವಿಷ ನೀರಿನಂತೆ ಆವಿಯಾಗಿ ಹೋಗುವ ಪೈಕಿ. ಬಯಲಲ್ಲಿ ಬಿಸಿಲು ಗಾಳಿಯೇ ಬಹುಪಾಲು ಕೆಲಸ ಮಾಡುತ್ತವೆ. ವಿಎಕ್ಸ್ ಎಂಬ ಇನ್ನೊಂದು ನರವಿಷ ಹಾಗಲ್ಲ. ಎಂಜಿನ್ ಆಯಿಲ್‌ನಂತೆ ಕೂತುಬಿಡುತ್ತದೆ. ಅದರ ಕುದಿಯುವ ಬಿಂದು 300 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ. ಮಸ್ಟರ್ಡ್ ಅನ್ನುವ ಗುಳ್ಳೆ ಎಬ್ಬಿಸುವ ವಿಷಕ್ಕೆ ಗ್ಯಾಸ್ ಅಂತ ಹೆಸರು ಬಂದಿದೆ, ಆದರೆ ಅದು ಎಣ್ಣೆ. 217 ಡಿಗ್ರಿಗೆ ಕುದಿಯುತ್ತದೆ, 14 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ರಬ್ಬರ್, ಬಣ್ಣ, ಕ್ಯಾನ್ವಾಸ್ ಒಳಗೆ ಇಳಿಯುವುದರಲ್ಲಿ ಅದು ನಿಸ್ಸೀಮ. ಮೇಲ್ಮೈ ತೊಳೆದು ನಿಟ್ಟುಸಿರು ಬಿಟ್ಟ ಮೇಲೆ ಒಳಗಿನಿಂದ ಮೆಲ್ಲಗೆ ಆವಿಯಾಗಿ ಹೊರಗೆ ಬರುತ್ತದೆ. ಜೈವಿಕದಲ್ಲಿ ಆಂಥ್ರಾಕ್ಸ್ ಬೀಜಾಣುವನ್ನು, ಅಂದರೆ ಆ ರೋಗಾಣು ಗಟ್ಟಿ ಕವಚದೊಳಗೆ ವರ್ಷಗಟ್ಟಲೆ ಬದುಕುವ ರೂಪವನ್ನು, ಕೊಲ್ಲುವ ಮದ್ದು ಉಳಿದವನ್ನೂ ಸಾಮಾನ್ಯವಾಗಿ ಕೊಲ್ಲುತ್ತದೆ. ಆದ್ದರಿಂದ ಪರೀಕ್ಷೆಗೆ ಅದೇ ಅಳತೆ.

ಮೂರನೆಯದು ಸಾಮಾನಿನ ಮೈ. ಉಕ್ಕು ಏನನ್ನಾದರೂ ತಡೆದುಕೊಳ್ಳುತ್ತದೆ. ವಿಮಾನದ ಅಲ್ಯೂಮಿನಿಯಂ, ದುರ್ಬೀನಿನ ಲೇಪನ, ರೇಡಿಯೋದ ಕನೆಕ್ಟರ್ ತಡೆದುಕೊಳ್ಳುವುದಿಲ್ಲ. ನಾಲ್ಕನೆಯದು ನೀರು. ಒಂದು ದೊಡ್ಡ ವಾಹನದ ಪೂರ್ತಿ ಡಿಕಾನ್‌ಗೆ ಸಾವಿರ ಲೀಟರ್ ದಾಟುವುದು ಸಾಮಾನ್ಯ. ಜೈಸಲ್ಮೇರ್ ಆಚೆಯ ಮರಳಿನಲ್ಲಿ ಅಷ್ಟು ನೀರು ಎಲ್ಲಿ? ಲಡಾಖ್‌ನ ಚಳಿಗಾಲದಲ್ಲಿ ನೀರಿದ್ದರೂ ಪೈಪಿನಲ್ಲೇ ಕಲ್ಲಾಗುತ್ತದೆ. ಇನ್ನು ಮದ್ದು ಗೋದಾಮಿನಲ್ಲಿ ಎಷ್ಟು ವರ್ಷ ಕೆಡದೆ ಇರುತ್ತದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಇವೆರಡನ್ನು ಯಾರೂ ಕೇಳುವುದಿಲ್ಲ. ಟೆಂಡರ್ ಓದುವಾಗ ಮಾತ್ರ ಇವೇ ಎದುರು ನಿಲ್ಲುತ್ತವೆ.

ಬ್ಲೀಚ್: ಅಜ್ಜಿಯ ಕಾಲದ ಮದ್ದು, ಇನ್ನೂ ಸತ್ತಿಲ್ಲ

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ನಮಗೆಲ್ಲ ಗೊತ್ತು. ಅದರ ಸೇನೆಯ ಅವತಾರಕ್ಕೆ ಸೂಪರ್ ಟ್ರಾಪಿಕಲ್ ಬ್ಲೀಚ್ ಅಂತ ಹೆಸರು. ಬಿಸಿ ದೇಶಗಳ ಗೋದಾಮಿನಲ್ಲಿ ಮಾಮೂಲಿ ಪುಡಿ ಬೇಗ ಸಪ್ಪೆಯಾಗುತ್ತದೆ ಅಂತ ಅದಕ್ಕೆ ಸುಣ್ಣ ಬೆರೆಸಿ ಗಟ್ಟಿ ಮಾಡಿದರು. ಟ್ರಾಪಿಕಲ್ ಅನ್ನುವ ಹೆಸರು ಬಂದದ್ದು ಹಾಗೆ. ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಶೇ. 30. ಎಚ್‌ಟಿಎಚ್ ಎಂಬ ಇನ್ನೊಂದು ಬಗೆಯಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ.

ಬ್ಲೀಚಿನ ಗುಣ ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಎಲ್ಲವನ್ನೂ ತಿನ್ನುತ್ತದೆ. ಮಸ್ಟರ್ಡ್, ವಿಎಕ್ಸ್, ಸರಿನ್, ಬೀಜಾಣು, ಯಾವುದನ್ನೂ ಬಿಡುವುದಿಲ್ಲ. ಬೆಲೆ ಕಡಿಮೆ, ಎಲ್ಲ ಜಿಲ್ಲೆಯಲ್ಲೂ ಸಿಗುತ್ತದೆ. ದೋಷವೂ ಅದೇ, ಎಲ್ಲವನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ, ತಾಮ್ರ, ಬಟ್ಟೆ, ಸೈನಿಕನ ಗಂಟಲು. 2020ರಲ್ಲಿ ಬೆಂಗಳೂರಿನ ಬೀದಿ ಬೀದಿಗೆ ಶೇ. 1ರ ಹೈಪೋಕ್ಲೋರೈಟ್ ಹೊಡೆದದ್ದು ನೆನಪಿದೆ ಅಲ್ವಾ? ಜನರ ಮೈಮೇಲೆ ಹೊಡೆಯಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಆ ಏಪ್ರಿಲ್‌ನಲ್ಲೇ ಹೇಳಬೇಕಾಯಿತು. ಬಯಲಿನ ಕೊಳೆ, ಧೂಳು ಕ್ಲೋರಿನ್ನನ್ನು ಮೊದಲೇ ತಿಂದು ಮುಗಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಟ್ಯಾಂಕಿನ ಮೇಲಿನ ಕೆಸರೂ ಹಾಗೇ ಮಾಡುತ್ತದೆ. ಅದಕ್ಕೇ ಮದ್ದಿಗಿಂತ ಮೊದಲು ಸೋಪುನೀರು.

ಎರಡು ಸೂಕ್ಷ್ಮ ಇಲ್ಲಿವೆ. ಒಣ ಬ್ಲೀಚ್ ಪುಡಿಯನ್ನು ನೇರವಾಗಿ ಮಸ್ಟರ್ಡ್ ದ್ರವದ ಮೇಲೆ ಸುರಿದರೆ ಬೆಂಕಿ ಹತ್ತಿಕೊಳ್ಳಬಹುದು. ಯಾವಾಗಲೂ ನೀರಿನಲ್ಲಿ ಕಲಸಿಯೇ ಹಚ್ಚಬೇಕು. ಇನ್ನೊಂದು, ಬ್ಲೀಚ್ ನೀರು ಸಹಜವಾಗಿ ಕ್ಷಾರೀಯ. ಆ ಸ್ಥಿತಿಯಲ್ಲಿ ಬೀಜಾಣುವನ್ನು ಅದು ನಿಧಾನಕ್ಕೆ ಕೊಲ್ಲುತ್ತದೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಅನ್ನು 7ರ ಹತ್ತಿರಕ್ಕೆ ಇಳಿಸಿದರೆ ವೇಗ ಬಹಳ ಏರುತ್ತದೆ. ಇಳಿಸುವ ಕೆಲಸವನ್ನು ಅಳತೆ ಗೊತ್ತಿರುವವರೇ ಮಾಡಬೇಕು. ಆಮ್ಲ ಹೆಚ್ಚಾದರೆ ಕ್ಲೋರಿನ್ ಅನಿಲವೇ ಎದ್ದುಬರುತ್ತದೆ. ಅಂದರೆ ರಾಸಾಯನಿಕ ದಾಳಿಗೆ ಒಂದು ಪಾಕ, ಜೈವಿಕಕ್ಕೆ ಇನ್ನೊಂದು. ದ್ರಾವಣದ ಒಂದೇ ತೊಟ್ಟಿಯಲ್ಲಿ ಎರಡೂ ಆಗುತ್ತದೆ ಅಂದುಕೊಂಡು ಯಂತ್ರ ಮಾಡಿದವರು ಆಮೇಲೆ ಪೇಚಾಡುತ್ತಾರೆ.

ಡಿಎಸ್-2: ಕೆಲಸಗಾರ, ಆದರೆ ಮನೆಮುರುಕ

ಇದನ್ನು ಈಗ ಯಾರೂ ಹೊಸದಾಗಿ ಆಯ್ಕೆ ಮಾಡುವುದಿಲ್ಲ. ಆದರೂ ಕತೆ ತಿಳಿದಿರಬೇಕು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ನೆಚ್ಚಿಕೊಂಡಿದ್ದ ದ್ರವ ಇದು. ಶೇ. 70 ಡೈಎಥಿಲೀನ್‌ಟ್ರೈಅಮೈನ್, ಶೇ. 28 ಒಂದು ಗ್ಲೈಕಾಲ್ ಈಥರ್, ಶೇ. 2 ಕಾಸ್ಟಿಕ್ ಸೋಡಾ. ನೀರಿಲ್ಲ, ಆದ್ದರಿಂದ ಚಳಿಯಲ್ಲೂ ಹೆಪ್ಪುಗಟ್ಟದು. ನರವಿಷ, ಮಸ್ಟರ್ಡ್ ಎರಡನ್ನೂ ನಿಮಿಷಗಳಲ್ಲಿ ಮುಗಿಸುತ್ತಿತ್ತು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂರುತ್ತಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಬಣ್ಣ ಎದ್ದುಬರುತ್ತಿತ್ತು, ರಬ್ಬರ್ ಪ್ಲಾಸ್ಟಿಕ್ ಮೆತ್ತಗಾಗುತ್ತಿದ್ದವು, ಚರ್ಮಕ್ಕೆ ಬಿದ್ದರೆ ಸುಡುತ್ತಿತ್ತು. ಅದರ ಈಥರ್ ಸಂತಾನಶಕ್ತಿಗೆ ಹಾನಿ ಅಂತ ಗೊತ್ತಾಯಿತು. ಬೀಜಾಣುವಿನ ಮೇಲೆ ಪ್ರಯೋಜನವಿಲ್ಲ. ಪಕ್ಕದಲ್ಲೇ ಇಟ್ಟ ಬ್ಲೀಚಿಗೆ ತಗುಲಿದರೆ ತಾನಾಗಿ ಬೆಂಕಿ. ಮದ್ದು ವಿಷದಷ್ಟೇ ಕಾಟ ಕೊಟ್ಟರೆ ಅದನ್ನು ಮದ್ದು ಅನ್ನುವುದು ಹೇಗೆ? ಕೊನೆಗೆ ಅದನ್ನು ಕೈಬಿಟ್ಟರು. ಡಿಎಸ್-2 ಒಂದು ಪಾಠ ಬಿಟ್ಟುಹೋಯಿತು: ಕೊಲ್ಲುವ ವೇಗದ ಪಟ್ಟಿಯಲ್ಲಿ ಮೊದಲು ಬಂದದ್ದು ಸಾಮಾನು ಉಳಿಸುವ ಪಟ್ಟಿಯಲ್ಲಿ ಕೊನೆಗೆ ಬರಬಹುದು.

ಪೆರಾಕ್ಸೈಡ್: ಈಗಿನ ಕಾಲದ ನಡುದಾರಿ

ನನ್ನ ಒಲವು ಎತ್ತ ಅಂತ ಮೊದಲೇ ಹೇಳಿಬಿಡುತ್ತೇನೆ. ವಾಹನದ ಹೊರಮೈಗೆ ಇವತ್ತು ಹೊಸದಾಗಿ ಏನಾದರೂ ಮಾಡುವುದಿದ್ದರೆ ನಾನು ಹೈಡ್ರೋಜನ್ ಪೆರಾಕ್ಸೈಡ್ ದಾರಿಯನ್ನೇ ಹಿಡಿಯುತ್ತೇನೆ.

ಕಾರಣ ಕೆಮಿಸ್ಟ್ರಿಯಲ್ಲಿದೆ, ಸ್ವಲ್ಪ ತಾಳ್ಮೆ ಇರಲಿ. ವಿಎಕ್ಸ್ ಅನ್ನು ಬರೀ ಕ್ಷಾರದ ನೀರಿನಿಂದ ಒಡೆದರೆ ಒಂದು ಪಾಲು ತಪ್ಪು ಜಾಗದಲ್ಲಿ ಒಡೆಯುತ್ತದೆ. ಉಳಿಯುವ ತುಣುಕು ತಾನೇ ಒಂದು ನರವಿಷ, ಬೇಗ ಕರಗುವುದೂ ಇಲ್ಲ. ಕ್ಷಾರದ ಜೊತೆ ಪೆರಾಕ್ಸೈಡ್ ಇದ್ದರೆ ಒಡೆತ ಸರಿಯಾದ ಜಾಗದಲ್ಲಿ ಆಗುತ್ತದೆ. ಅದೇ ಪೆರಾಕ್ಸೈಡ್ ಮಸ್ಟರ್ಡ್‌ನ ಗಂಧಕಕ್ಕೆ ಆಮ್ಲಜನಕ ಸೇರಿಸಿ ಅದರ ಹಲ್ಲು ಕೀಳುತ್ತದೆ. ಬೀಜಾಣುವನ್ನೂ ಕೊಲ್ಲುತ್ತದೆ. ಕೊನೆಗೆ ತಾನು ನೀರು ಮತ್ತು ಆಮ್ಲಜನಕವಾಗುತ್ತದೆ.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಡಿಎಫ್-200 ನೊರೆ ಇದೇ ವಂಶದ್ದು. ಅದರಲ್ಲಿ ಪೆರಾಕ್ಸೈಡ್, ಸೋಪಿನಂಥ ಒಂದು ವಸ್ತು, ಸೋಡಾ, ಚುರುಕು ಮಾಡುವ ಇನ್ನೊಂದು. ನೊರೆಯ ಉಪಯೋಗ ಏನೆಂದರೆ, ಗೋಡೆಯಂತೆ ನೆಟ್ಟಗಿರುವ ಮೈಮೇಲೂ ಅದು ಜಾರದೆ ಕೂರುತ್ತದೆ. ಕಾಯುವ ಹೊತ್ತು ಸಿಗುತ್ತದೆ, ನೀರು ಉಳಿಯುತ್ತದೆ. ಎಡ್ಜ್‌ವುಡ್‌ನ ಸೇನಾ ಕೇಂದ್ರದಿಂದ ಬಂದ ಡಿಕಾನ್ ಗ್ರೀನ್ ಇನ್ನೊಂದು. ಡಾಲ್‌ಗ್ರೆನ್‌ನ ನೌಕಾ ಪ್ರಯೋಗಾಲಯದ್ದು ಮತ್ತೊಂದು. ಅದು ಪೆರಾಕ್ಸೈಡಿನ ದಾಯಾದಿಯಾದ ಪೆರಾಸಿಟಿಕ್ ಆಮ್ಲದ ದಾರಿ ಹಿಡಿದಿದೆ, ಮುಖ್ಯ ಭಾಗ ಪುಡಿಯಾಗಿ ಬರುತ್ತದೆ.

ತೊಡಕೇನು? ಒಂದು, ಎರಡು ಮೂರು ಪಾತ್ರೆಗಳನ್ನು ಸ್ಥಳದಲ್ಲೇ ಬೆರೆಸಬೇಕು. ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ಮುಖಗವಸು, ದಪ್ಪ ಕೈಗವಸು ಹಾಕಿಕೊಂಡು, ಬೆವರಿನಲ್ಲಿ ಕಣ್ಣು ಮಂಜಾದ ಸೈನಿಕ ಅಳತೆ ತಪ್ಪದೆ ಬೆರೆಸಬೇಕು ಅನ್ನುವುದನ್ನು ಮರೆಯಬೇಡಿ. ನಾಝಲ್‌ನಲ್ಲೇ ಬೆರೆಯುವ ಹಾಗೆ ಮಾಡಿದವನು ಗೆದ್ದ. ಎರಡು, ದ್ರವ ಪೆರಾಕ್ಸೈಡ್ ನಮ್ಮ ಬೇಸಿಗೆಯಲ್ಲಿ ಮೆಲ್ಲಗೆ ಒಡೆಯುತ್ತದೆ. ಡಬ್ಬಿ ಉಬ್ಬುತ್ತದೆ. ಗಾಢ ಪೆರಾಕ್ಸೈಡ್ ಸಾಗಿಸುವುದೇ ಒಂದು ಅಪಾಯ. ಪುಡಿ ರೂಪದ ಪರ್ಕಾರ್ಬೊನೇಟ್ ಬಳಸಿದರೆ ಇದು ಕಡಿಮೆಯಾಗುತ್ತದೆ. ಬಣ್ಣದ ಬಟ್ಟೆಗೆಂದು ಬರುವ ಕಲೆ ತೆಗೆಯುವ ಪುಡಿಗಳಲ್ಲಿ ಇರುವುದು ಅದೇ. ಆದರೆ ತಣ್ಣೀರಿನಲ್ಲಿ ಅದು ಕರಗಲು ಸೋಮಾರಿ. ಮೂರು, ಬೆಲೆ. ಬ್ಲೀಚಿಗಿಂತ ಹಲವು ಪಟ್ಟು. ದಿನಾ ತರಬೇತಿಗೆ ಸುರಿಯಲು ಯಾರ ಬಜೆಟ್ಟೂ ಒಪ್ಪದು. ತರಬೇತಿಗೆ ಸೋಪುನೀರು, ಯುದ್ಧಕ್ಕೆ ಪೆರಾಕ್ಸೈಡ್ ಎಂದು ಎರಡನ್ನೂ ಒಂದೇ ಪಂಪು ಎತ್ತುವಂತಿರಬೇಕು.

ಪುಡಿ: ಮುಲ್ತಾನಿ ಮಿಟ್ಟಿಯ ಸೈನಿಕ ಅವತಾರ

ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಎಣ್ಣೆ ಹೀರುತ್ತದೆ. ಮಸ್ಟರ್ಡ್, ವಿಎಕ್ಸ್ ಎರಡೂ ಎಣ್ಣೆಗಳೇ. ಬ್ರಿಟಿಷ್, ಫ್ರೆಂಚ್ ಸೈನಿಕರ ಚೀಲದಲ್ಲಿ ದಶಕಗಳಿಂದ ಈ ಮಣ್ಣು ಇದೆ. ನಮ್ಮಲ್ಲಿ ಗ್ವಾಲಿಯರ್‌ನ ಡಿಆರ್‌ಡಿಇ, ಅಂದರೆ ಡಿಆರ್‌ಡಿಒದ ರಾಸಾಯನಿಕ ಜೈವಿಕ ರಕ್ಷಣೆಯ ಪ್ರಯೋಗಾಲಯ, ಇದರ ಮೇಲೂ ಕೆಲಸ ಮಾಡಿದೆ. ಸಿಸಿ-2 ಎಂಬ ಕ್ಲೋರಿನ್ ಬಿಡುವ ಸಂಯುಕ್ತದ ಮೇಲೂ ಅಲ್ಲಿ ಕೆಲಸ ಮಾಡಿದ್ದಾರೆ. ಅದು ಮಸ್ಟರ್ಡ್ ಅನ್ನು ಬರೀ ಹೀರದೆ ಒಡೆಯುತ್ತದೆ.

ಬರೀ ಮಣ್ಣಿನ ಕಷ್ಟ ಇದು: ಕಸ ಗುಡಿಸಿ ಮೊರಕ್ಕೆ ತುಂಬಿದಂತೆ. ಕಸ ಹೋಗಿಲ್ಲ, ಮೊರದಲ್ಲಿದೆ. ಆ ಪುಡಿಯೂ ಈಗ ವಿಷವೇ. ಅಮೆರಿಕ ಡಿಎಸ್-2 ಕೈಬಿಟ್ಟು ತಂದ ಎಂ100 ಕಿಟ್‌ನಲ್ಲಿ ಅಲ್ಯೂಮಿನಾ ಆಧಾರದ ಪುಡಿ ಇದೆ. ಅದು ಹೀರಿಕೊಂಡದ್ದನ್ನು ನಿಧಾನವಾಗಿ ಒಡೆಯಲೂ ಯತ್ನಿಸುತ್ತದೆ. ನೀರು ಬೇಡ, ಪಂಪು ಬೇಡ, ಚಳಿಯ ಹಂಗಿಲ್ಲ. ಕೈಗವಸಿನಂಥ ಬಟ್ಟೆಯಿಂದ ಉಜ್ಜಿದರೆ ಸಾಕು.

ಬೀಜಾಣುವಿಗೆ ಇದು ಉಪಯೋಗವಿಲ್ಲ. ಸಂದುಗಳಿಗೆ ಕೈ ಹೋಗದು. ಇಡೀ ಟ್ಯಾಂಕನ್ನು ಪುಡಿಯಲ್ಲಿ ಉಜ್ಜುತ್ತೇನೆ ಅನ್ನುವುದು ಹುಚ್ಚು. ಆದರೆ ಮೊದಲ ಹದಿನೈದು ನಿಮಿಷದಲ್ಲಿ, ಸೈನಿಕನ ಕೈಗೆ ಸಿಗುವ ಒಂದೇ ಸಾಧನ ಇದು. ಮಸ್ಟರ್ಡ್ ಬಣ್ಣದೊಳಗೆ ಇಳಿಯುವ ಮುನ್ನ ಒರೆಸಿದ ಒಂದು ಹಿಡಿ ಪುಡಿ, ಮೂರು ಗಂಟೆ ಬಿಟ್ಟು ಹೊಡೆದ ಮುನ್ನೂರು ಲೀಟರ್ ದ್ರಾವಣಕ್ಕಿಂತ ಮೇಲು.

ಬಿಸಿಗಾಳಿ ಮತ್ತು ಆವಿ: ತೊಳೆಯಲಾಗದ್ದಕ್ಕೆ

ಸೋವಿಯತ್ ಎಂಜಿನಿಯರ್‌ಗಳ ತಲೆ ಬೇರೆಯೇ ಓಡಿತು. ಮಿಗ್ ಯುದ್ಧವಿಮಾನದಲ್ಲಿದ್ದ ವಿಕೆ-1 ಜೆಟ್ ಎಂಜಿನ್ನನ್ನು ಉರಲ್-375 ಲಾರಿಯ ಮೇಲೆ ಕೂರಿಸಿದರು. ಟಿಎಂಎಸ್-65 ಅಂತ ಹೆಸರಿಟ್ಟರು. ಎಂಜಿನ್ ಉಗುಳುವ ಬಿಸಿಗಾಳಿಯನ್ನು ಟ್ಯಾಂಕಿನ ಕಡೆ ತಿರುಗಿಸಿ, ಬೇಕಿದ್ದರೆ ಅದಕ್ಕೆ ದ್ರಾವಣವನ್ನೂ ಸೇರಿಸಿ ಹೊಡೆಯುವುದು. ಎರಡು ಲಾರಿಗಳ ನಡುವೆ ಟ್ಯಾಂಕುಗಳು ಸಾಲಾಗಿ ಹೋಗಬಹುದು. ಒಂದೊಂದಕ್ಕೆ ಕೆಲವೇ ನಿಮಿಷ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ವಿಕಿರಣ ಧೂಳು ತೆಗೆಯಲು ಇವನ್ನು ಬಳಸಿದ್ದರು. ನೋಡಲು ಭರ್ಜರಿ, ವೇಗಕ್ಕೆ ಸಾಟಿಯಿಲ್ಲ. ಆದರೆ ಸೀಮೆಎಣ್ಣೆ ಕುಡಿಯುವ ರಾಕ್ಷಸ. ವಿಷವನ್ನು ಒಡೆಯುವುದಕ್ಕಿಂತ ಪಕ್ಕದ ಹೊಲಕ್ಕೆ ಹಾರಿಸುವುದೇ ಜಾಸ್ತಿ. ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ಅಲ್ಲಿ ಜೀವನ್ಮರಣದ ಪ್ರಶ್ನೆ.

ಇದರ ಸಂಯಮದ ರೂಪ ವಿಮಾನಗಳಿಗೆ ಬಂದಿದೆ. ಸಾಗಣೆ ವಿಮಾನದ ಒಳಗೆ ನೀರು, ಬ್ಲೀಚ್ ಹೊಡೆಯುವಂತಿಲ್ಲ. ಮೈಲಿಗಟ್ಟಲೆ ತಂತಿ ಇರುತ್ತದೆ. ಅಮೆರಿಕದವರು ಇಡೀ ವಿಮಾನವನ್ನು ಡೇರೆಯಲ್ಲಿ ಮುಚ್ಚಿ, ಒಳಗೆ ಬಿಸಿ ತೇವದ ಗಾಳಿ ತುಂಬುತ್ತಾರೆ. ತಾಪ ಸುಮಾರು 70 ಡಿಗ್ರಿ, ತೇವಾಂಶ ಶೇ. 90ರವರೆಗೆ. ಹಾಗೇ ದಿನಗಟ್ಟಲೆ ಬಿಡುತ್ತಾರೆ. 2014ರಲ್ಲಿ ಫ್ಲೋರಿಡಾದ ಆರ್ಲಾಂಡೋದಲ್ಲಿ ಒಂದು ಸಿ-130 ವಿಮಾನದ ಮೇಲೆ ಪರೀಕ್ಷೆ ಮಾಡಿದರು. ಆಂಥ್ರಾಕ್ಸ್ ಬದಲು ಅದರ ನೆಂಟ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬೀಜಾಣು ಬಳಸಿದರು. ನಮ್ಮ ಹಾವೇರಿ, ಧಾರವಾಡದ ರೈತರಿಗೆ ಪರಿಚಿತವಾದ ಬಿಟಿ ಹತ್ತಿಯ ಬಿಟಿ ಇದೇ. ಉಗಿ ಇಡ್ಲಿಯನ್ನು ಬೇಯಿಸುತ್ತದೆ, ಇಡ್ಲಿ ತಟ್ಟೆಗೆ ಏನೂ ಆಗುವುದಿಲ್ಲ. ಅದೇ ತತ್ವ.

ಇನ್ನೊಂದು ದಾರಿ ಪೆರಾಕ್ಸೈಡನ್ನೇ ಆವಿ ಮಾಡಿ ತುಂಬುವುದು. ಆಸ್ಪತ್ರೆ, ಔಷಧ ಕಾರ್ಖಾನೆಗಳಲ್ಲಿ ಇದು ಮಾಮೂಲು. ಸ್ವಲ್ಪ ಅಮೋನಿಯಾ ಬೆರೆಸಿದರೆ ನರವಿಷಗಳ ಮೇಲೂ ಕೆಲಸ ಮಾಡುತ್ತದೆ. ಕ್ಲೋರಿನ್ ಡೈಆಕ್ಸೈಡ್ ಅನಿಲವೂ ಇದೆ. 2001ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಹಾರ್ಟ್ ಸೆನೆಟ್ ಕಟ್ಟಡಕ್ಕೆ ಆಂಥ್ರಾಕ್ಸ್ ಪತ್ರ ಬಂದಾಗ ಇದನ್ನೇ ತುಂಬಿದರು. ಕಟ್ಟಡ ಮತ್ತೆ ತೆರೆದದ್ದು 2002ರ ಜನವರಿಯಲ್ಲಿ. ಒಂದು ಲಕೋಟೆ, ಮೂರು ತಿಂಗಳು.

ಈ ಗುಂಪಿನ ಲೆಕ್ಕ ಸರಳ. ಸಾಮಾನು ಉಳಿಯುತ್ತದೆ, ಸಮಯ ಹೋಗುತ್ತದೆ. ಒಳಭಾಗ, ಎಲೆಕ್ಟ್ರಾನಿಕ್ಸ್, ವಿಮಾನ ಇವಕ್ಕೆ ಬೇರೆ ದಾರಿ ಇಲ್ಲ. ರೇಡಿಯೋ, ರಾತ್ರಿದೃಷ್ಟಿ ಉಪಕರಣದಂಥ ಸಣ್ಣ ಸಾಮಾನುಗಳಿಗೆ ಬಿಸಿ ಮತ್ತು ನಿರ್ವಾತ ಎರಡೂ ಇರುವ ಪೆಟ್ಟಿಗೆ ಒಳ್ಳೆಯದು. ಬಿಸಿ ಮಾಡಿದರೆ ಒಳಗಿಳಿದ ಮಸ್ಟರ್ಡ್ ಹೊರಗೆ ಬರುತ್ತದೆ, ಫಿಲ್ಟರ್ ಅದನ್ನು ಹಿಡಿಯುತ್ತದೆ. ಸಣ್ಣ ಕಂಪನಿಯೊಂದು ತನ್ನದೇ ಬಂಡವಾಳದಲ್ಲಿ ಮಾಡಬಹುದಾದದ್ದು ಈ ಪೆಟ್ಟಿಗೆಯೇ. ಆದರೆ ನನಗೆ ಪತ್ರ ಬರೆಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಲಾರಿಯ ಮೇಲೇ ಕಣ್ಣಿಟ್ಟಿರುತ್ತಾರೆ.

ಕಿಣ್ವ, ಹರಳು

ಪತ್ರಿಕೆಗಳಲ್ಲಿ ಹೆಚ್ಚು ಮಿಂಚುವುದು ಇವು. ಸ್ಕ್ವಿಡ್ ಎಂಬ ಕಡಲಜೀವಿಯಲ್ಲಿ ಸರಿನ್‌ನಂಥ ನರವಿಷ ಒಡೆಯುವ ಕಿಣ್ವವಿದೆ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೂ ಇವೆ. ಜಿರ್ಕೋನಿಯಂ ಇರುವ ಎಂಒಎಫ್ ಎಂಬ ರಂಧ್ರಭರಿತ ಹರಳುಗಳ ಮೇಲೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಚೆಂದದ ಕೆಲಸ ಮಾಡಿದೆ. ಸಾಮಾನಿಗೆ ಏನೂ ಆಗದು, ಕೈಗೂ ಏನೂ ಆಗದು. ಆದರೆ ನರವಿಷದ ಕಿಣ್ವಕ್ಕೆ ಮಸ್ಟರ್ಡ್ ಕಾಣುವುದೇ ಇಲ್ಲ. ಬೀಜಾಣುವಂತೂ ದೂರ. ಪಿಎಚ್‌ಡಿ ಮಾಡುವವರಿಗೆ ಒಳ್ಳೆಯ ಹೊಲ. ಮೂರು ವರ್ಷದಲ್ಲಿ ಉತ್ಪನ್ನ ಕೊಡಬೇಕಾದವರು ಈ ಹೊಲಕ್ಕೆ ಇಳಿಯಬೇಡಿ.

ತೊಳೆಯದೆ ಬಿಡುವುದೂ ಒಂದು ಆಯ್ಕೆ

ಇದನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೊವಿಚೊಕ್ ನರವಿಷ ಬಳಕೆಯಾಯಿತು. ಊರು ಸುರಕ್ಷಿತ ಎಂದು ಘೋಷಿಸಿದ್ದು 2019ರ ಮಾರ್ಚ್ 1ಕ್ಕೆ. ಆ ನಡುವೆ ಪೊಲೀಸ್ ಮತ್ತು ಆಂಬುಲೆನ್ಸ್ ವಾಹನಗಳನ್ನು ಸೇನೆ ಮುಚ್ಚಿ ಸಾಗಿಸಿತು. ಇಬ್ಬರು ಕುಸಿದು ಬಿದ್ದಿದ್ದ ಬೆಂಚನ್ನು ಕಿತ್ತೇ ಒಯ್ದರು. ತೊಳೆದು ಮತ್ತೆ ಬಳಸುವುದಕ್ಕಿಂತ ಹೊಸದು ಕೊಳ್ಳುವುದು ಅಗ್ಗವಾಗುವ ಒಂದು ಗೆರೆ ಇದೆ. ಆ ಗೆರೆ ಎಲ್ಲಿ ಅಂತ ನಿಮ್ಮ ಲೆಕ್ಕದಲ್ಲಿ ಇರಲೇಬೇಕು. ಕ್ಯಾನ್ವಾಸ್ ಹೊದಿಕೆ, ಸೀಟಿನ ಸ್ಪಂಜು, ಹಗ್ಗ, ಚರ್ಮದ ಪಟ್ಟಿ ಇವನ್ನು ಕಿತ್ತು ಬಿಸಾಡುವುದೇ ಡಿಕಾನ್.

ಇದರ ತದ್ವಿರುದ್ಧ ತುದಿಯಲ್ಲಿ ಗ್ರುಯಿನಾರ್ಡ್ ದ್ವೀಪ ಇದೆ. ಸ್ಕಾಟ್ಲೆಂಡಿನ ಈ ಪುಟ್ಟ ದ್ವೀಪದಲ್ಲಿ 1942ರಲ್ಲಿ ಬ್ರಿಟಿಷರು ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬ್ ಪ್ರಯೋಗ ಮಾಡಿದರು. 44 ವರ್ಷ ಬಿಟ್ಟು, 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ನೆಲಕ್ಕೆ ಸುರಿದರು. ಸುರಕ್ಷಿತ ಅಂದದ್ದು 1990ರಲ್ಲಿ. ಸರಿನ್ ಆದರೆ ಬಿಟ್ಟು ಕಾಯಬಹುದು. ಬೀಜಾಣುವನ್ನು ಬಿಟ್ಟು ಕಾಯುತ್ತೇನೆ ಅನ್ನುವಂತಿಲ್ಲ.

ವಿಷ ಅಂಟದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಹಳೆಯ ಆಲ್ಕಿಡ್ ಬಣ್ಣ ಮಸ್ಟರ್ಡ್ ಅನ್ನು ಹೀರುತ್ತದೆ. ಪಾಲಿಯುರಥೇನ್ ಬಣ್ಣ ಅಷ್ಟಾಗಿ ಹೀರುವುದಿಲ್ಲ. ನಿಂತ ವಾಹನಕ್ಕೆ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ದಾಳಿಯ ನಂತರ ಅದನ್ನು ಎಳೆದು ಬಿಸಾಡಿದರಾಯಿತು. ಇದನ್ನು ಹೇಳಿದರೆ ಯಂತ್ರ ಮಾರುವವರಿಗೆ ಬೇಜಾರು.

ಹಾಗಾದರೆ ನಿಮಗೆ ಯಾವುದು?

ಬಜೆಟ್ ಕಡಿಮೆ, ಉಕ್ಕಿನ ವಾಹನಗಳು, ನೀರು ಹತ್ತಿರವಿದೆ ಅಂದರೆ ಬ್ಲೀಚೇ ಸಾಕು. ಆದರೆ ದ್ರಾವಣಕ್ಕೆ ತುಕ್ಕು ಹಿಡಿಯದ ತೊಟ್ಟಿ, ಕ್ಲೋರಿನ್ ತಡೆಯುವ ಸೀಲು, ಬಿಸಿ ಸೋಪುನೀರಿನ ಹಂತ ಇವುಗಳಿಗೆ ಹಣ ಇಡಿ. ಮಳೆಗಾಲದ ಕರಾವಳಿಯ ತೇವದಲ್ಲಿ ಪುಡಿಯ ಚೀಲ ಒಮ್ಮೆ ತೆರೆದರೆ ಬೇಗ ಸಪ್ಪೆಯಾಗುತ್ತದೆ. ಸಣ್ಣ ಸಣ್ಣ ಸೀಲ್ ಮಾಡಿದ ಪೊಟ್ಟಣಗಳಲ್ಲೇ ತರಿಸಿ.

ಮರುಭೂಮಿಗಾದರೆ ನೊರೆ ಇಲ್ಲವೇ ಜೆಲ್. ನೀರಿನ ಬಳಕೆಯೇ ಅಲ್ಲಿ ಮೊದಲ ಅಂಕ. ಲಡಾಖ್‌ಗೆ ಉತ್ತರ ಕಷ್ಟ. ನೀರಿನ ಮದ್ದುಗಳೆಲ್ಲ ಅಲ್ಲಿ ಕುಂಟುತ್ತವೆ. ಮಸ್ಟರ್ಡ್ ಗಟ್ಟಿಯಾಗಿ ಕೂತಿರುತ್ತದೆ, ಬೆಚ್ಚಗಿನ ಬಂಕರ್ ಒಳಗೆ ಬಂದ ಮೇಲೆ ಕರಗಿ ಆವಿಯಾಗುತ್ತದೆ. ಅಲ್ಲಿಗೆ ಪುಡಿ ಮೊದಲು, ಆಮೇಲೆ ಬೆಚ್ಚಗಿನ ಡೇರೆಯಲ್ಲಿ ಬಿಸಿಗಾಳಿ. ವಾಯುನೆಲೆಗೆ ಹೊರಮೈಗೆ ಸೌಮ್ಯ ಪೆರಾಕ್ಸೈಡ್, ಒಳಗೆ ಬಿಸಿ ತೇವಗಾಳಿ, ಮತ್ತು ಆ ವಿಮಾನ ಇಷ್ಟು ದಿನ ಹಾರುವುದಿಲ್ಲ ಎಂದು ಒಪ್ಪಿಕೊಳ್ಳುವ ಕಮಾಂಡರ್.

ನಗರದ ರಕ್ಷಣಾ ದಳಕ್ಕೆ, ಅಂದರೆ ಮೆಟ್ರೋ, ವಿಮಾನ ನಿಲ್ದಾಣದಂಥ ಜಾಗಕ್ಕೆ, ಬೆನ್ನಿಗೆ ಕಟ್ಟುವ ಪಂಪು ಮತ್ತು ಎಳೆಯುವ ಟ್ರೇಲರ್ ಸಾಕು. ದೊಡ್ಡ ಲಾರಿ ನಮ್ಮ ಟ್ರಾಫಿಕ್ಕಿನಲ್ಲಿ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ.

ಯಾವ ದಾರಿ ಹಿಡಿದರೂ ಬಣ್ಣ ಬದಲಿಸುವ ಸ್ಪ್ರೇ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ನರವಿಷ ಇರುವಲ್ಲಿ ಬಣ್ಣ ತಿರುಗುವ ಇಂಥ ಸ್ಪ್ರೇಯನ್ನು ಅಮೆರಿಕದ ಸೇನೆ ಈಗ ಬಳಸುತ್ತದೆ. ಕಲೆ ಕಂಡ ಜಾಗಕ್ಕೆ ಮಾತ್ರ ಮದ್ದು ಹಚ್ಚಬಹುದು. ನಮ್ಮ ಡಿಆರ್‌ಡಿಇಯ ಮೂರು ಬಣ್ಣದ ಪತ್ತೆ ಕಾಗದ ಹನಿಗಳನ್ನು ಗುರುತಿಸಲು ಚೆನ್ನಾಗಿದೆ. ಎಲ್ಲಿದೆ ಅಂತ ಗೊತ್ತಿಲ್ಲದೆ ಎಲ್ಲ ಕಡೆ ಸುರಿದಾಗಲೇ ನೀರಿನ ಬಿಲ್ಲು, ಮದ್ದಿನ ಬಿಲ್ಲು ಎರಡೂ ಏರುವುದು.

ಇನ್ನು ಪರೀಕ್ಷೆ. ಅಸಲಿ ವಿಷ ನಿಮ್ಮ ಕೈಗೆ ಸಿಗುವುದಿಲ್ಲ, ಸಿಗಲೂಬಾರದು. ಭಾರತ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ 1993ರಲ್ಲೇ ಸಹಿ ಹಾಕಿದೆ, ತನ್ನಲ್ಲಿದ್ದ ದಾಸ್ತಾನನ್ನು 2009ಕ್ಕೆ ನಾಶಮಾಡಿ ಮುಗಿಸಿದೆ. ಅಸಲಿ ಪರೀಕ್ಷೆಗೆ ಅನುಮತಿ ಪಡೆದ ಸರ್ಕಾರಿ ಪ್ರಯೋಗಾಲಯವೇ ಗತಿ. ಅದಕ್ಕೂ ಮೊದಲಿನ ನೂರು ಪರೀಕ್ಷೆಗಳನ್ನು ನಿಮ್ಮ ಶೆಡ್ಡಿನಲ್ಲೇ ಮಾಡಬಹುದು. ಮಸ್ಟರ್ಡ್‌ನ ಬದಲಿಗೆ ಜಗತ್ತಿನಾದ್ಯಂತ ಬಳಸುವುದು ಮೀಥೈಲ್ ಸ್ಯಾಲಿಸಿಲೇಟ್. ನೋವಿನ ಮುಲಾಮಿಗೆ ಆ ಘಾಟು ಬರುವುದು ಅದರಿಂದಲೇ. ಅದು ಮಸ್ಟರ್ಡ್‌ನಂತೆ ಇಳಿಯುತ್ತದೆ, ಆವಿಯಾಗುತ್ತದೆ. ಮಸ್ಟರ್ಡ್‌ನಂತೆ ಒಡೆಯುವುದಿಲ್ಲ. ಹಾಗಾಗಿ ಮದ್ದಿನ ಬಲ ಅಳೆಯಲು ಅದು ಬೇಡ, ಯಂತ್ರ ಎಲ್ಲಿ ತಲುಪಲಿಲ್ಲ ಅಂತ ತಿಳಿಯಲು ಸಾಕು. ಬಣ್ಣ ಹೊಡೆದ ತಗಡು, ಒಂದು ಬೋಲ್ಟ್, ಒಂದು ತುಂಡು ಟೈರು ತೆಗೆದುಕೊಳ್ಳಿ. ಹನಿ ಹಾಕಿ ಒಂದು ಗಂಟೆ ಬಿಡಿ. ನಿಮ್ಮ ಯಂತ್ರದಲ್ಲಿ ತೊಳೆಯಿರಿ. ಮೂರನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಿ ರಾತ್ರಿಯಿಡೀ ಬೆಚ್ಚಗಿನ ಕೋಣೆಯಲ್ಲಿಡಿ. ಬೆಳಿಗ್ಗೆ ಮುಚ್ಚಳ ತೆಗೆಯಿರಿ. ತಗಡಿನ ಡಬ್ಬಿ ಸುಮ್ಮನಿರುತ್ತದೆ. ಟೈರಿನ ಡಬ್ಬಿಯಿಂದ ಮುಲಾಮಿನ ವಾಸನೆ ಬರುತ್ತದೆ.